ಕಡಲ ದಂಡೆಯಲ್ಲಿ ಒಂದು ರಾತ್ರಿ: ಸ್ಯಾನ್ ಫ್ರಾನ್ಸಿಸ್ಕೋ ಸುತ್ತ ಆರ್‌ವಿಗೆ ಜಾಗ ಎಲ್ಲಿದೆ?

2025ರ ನವೆಂಬರ್ 1ರಿಂದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊಸ ನಿಯಮವೊಂದು ಜಾರಿಗೆ ಬಂದಿದೆ. 22 ಅಡಿಗಿಂತ ಉದ್ದದ ಅಥವಾ 7 ಅಡಿಗಿಂತ ಎತ್ತರದ ಆರ್‌ವಿಯಂಥ (ಒಳಗೇ ಹಾಸಿಗೆ, ಅಡುಗೆಮನೆ, ಶೌಚಾಲಯ ಇರುವ ಮನೆಗಾಡಿಯಂಥ) ವಾಹನವನ್ನು ನಗರದ ರಸ್ತೆಗಳಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ನಿಲ್ಲಿಸುವಂತಿಲ್ಲ. ಮೇಯರ್ ಡೇನಿಯಲ್ ಲೂರಿ ಮುಂದಿಟ್ಟ ಈ ಪ್ರಸ್ತಾವಕ್ಕೆ ನಗರದ ಆಡಳಿತ ಮಂಡಳಿ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತ್ತು. ಇದು ಯಾರಿಗಾಗಿ ಮಾಡಿದ ನಿಯಮ ಎಂಬುದರಲ್ಲಿ ಗುಟ್ಟೇನೂ ಇಲ್ಲ. ಬೀದಿ ಬದಿಯಲ್ಲಿ ಆರ್‌ವಿ ನಿಲ್ಲಿಸಿಕೊಂಡು ಅದರೊಳಗೇ ಸಂಸಾರ ಮಾಡುತ್ತಿರುವವರಿಗೆ. ಆ ವರ್ಷದ ಮೇ ತಿಂಗಳಲ್ಲಿ ಪಾಲಿಕೆ ಎಣಿಸಿದಾಗ ಇಂಥ ವಾಹನಗಳು 400ಕ್ಕೂ ಹೆಚ್ಚಿದ್ದವು. ಆಗ ಪಟ್ಟಿಯಲ್ಲಿ ಸೇರಿದವರಿಗೆ ಆರು ತಿಂಗಳ ತಾತ್ಕಾಲಿಕ ಪರವಾನಗಿ ಸಿಗುತ್ತದೆ, ಅಷ್ಟರಲ್ಲಿ ಮನೆ ಹುಡುಕಲು ನೆರವೂ ಸಿಗುತ್ತದೆ. ಪಟ್ಟಿ ಮುಗಿದ ಮೇಲೆ ಬಂದವರಿಗೆ ಎರಡು ಗಂಟೆಯೇ ಗತಿ.

ಅದೇ ಊರಿನಲ್ಲಿ ದಿನಾ ಬೆಳಿಗ್ಗೆ 8 ಗಂಟೆಗೆ ಇನ್ನೊಂದು ಬಗೆಯ ಪರದಾಟ ನಡೆಯುತ್ತದೆ. ಕ್ಯಾಲಿಫೋರ್ನಿಯಾದ ರಾಜ್ಯ ಪಾರ್ಕ್‌ಗಳಲ್ಲಿ ಕ್ಯಾಂಪ್ ಮಾಡಬೇಕಾದರೆ ‘ರಿಸರ್ವ್ ಕ್ಯಾಲಿಫೋರ್ನಿಯಾ’ ತಾಣದಲ್ಲಿ ಬುಕ್ ಮಾಡಬೇಕು. ಆರು ತಿಂಗಳ ನಂತರದ ತಾರೀಕು ಅಂದು ಬೆಳಿಗ್ಗೆ 8ಕ್ಕೆ ತೆರೆದುಕೊಳ್ಳುತ್ತದೆ. ಹಾಫ್ ಮೂನ್ ಬೇ ಕಡಲತೀರದ ಬೇಸಿಗೆಯ ಶನಿವಾರಗಳು ತೆರೆದ ಕ್ಷಣಗಳಲ್ಲೇ ಮುಗಿದುಹೋಗುತ್ತವೆ. ಸನಿವೇಲ್, ಫ್ರೀಮಾಂಟ್, ಕ್ಯುಪರ್ಟಿನೊ ಕಡೆಯ ಕನ್ನಡಿಗರಿಗೆ ಇದು ಚೆನ್ನಾಗಿ ಗೊತ್ತು. ಗಂಡ ಒಂದು ಲ್ಯಾಪ್‌ಟಾಪ್‌ನಲ್ಲಿ, ಹೆಂಡತಿ ಇನ್ನೊಂದರಲ್ಲಿ, ಗೆಳೆಯರು ವಾಟ್ಸ್ಆ್ಯಪ್ ಗುಂಪಿನಲ್ಲಿ. ‘ಕ್ಯಾಂಪ್ ಸೈಟ್ ಸಿಕ್ತಾ?’ ಎಂಬ ಪ್ರಶ್ನೆಗೆ ‘ಕಾರ್ಟಿಗೆ ಹಾಕಿದ್ದೆ, ಹೋಯ್ತು’ ಎನ್ನುವುದೇ ಮಾಮೂಲಿ ಉತ್ತರ.

ಬೀದಿಯಲ್ಲಿ ಆರ್‌ವಿ ಇಟ್ಟುಕೊಂಡವರ ಕಷ್ಟ ವಸತಿ ಸಮಸ್ಯೆ, ಬುಕಿಂಗ್ ಸಿಗದವರದ್ದು ರಜೆಯ ರಗಳೆ ಎಂದು ಇಲ್ಲಿನ ಪತ್ರಿಕೆಗಳು ಎರಡನ್ನೂ ಬೇರೆಬೇರೆ ಪುಟಗಳಲ್ಲಿ ಹಾಕುತ್ತವೆ. ಇವೆರಡನ್ನೂ ಕೂಡಿಸಿ ನೋಡದೆ ಈ ಕರಾವಳಿಯಲ್ಲಿ ಆಗುತ್ತಿರುವುದು ಅರ್ಥವಾಗುವುದಿಲ್ಲ ಎಂಬುದು ನನ್ನ ವಾದ. ಸುಮಾರು ಎಪ್ಪತ್ತೈದು ಲಕ್ಷ ಜನರಿರುವ ಈ ಮಹಾನಗರ ಪ್ರದೇಶ, ಒಂದು ವಾಹನ ಒಂದು ರಾತ್ರಿ ಕಾನೂನುಬದ್ಧವಾಗಿ, ಕೈಗೆಟಕುವ ದರದಲ್ಲಿ, ನೀರು ಮತ್ತು ಚರಂಡಿಯ ಸೌಕರ್ಯದೊಂದಿಗೆ ನಿಲ್ಲಬಹುದಾದ ಜಾಗಗಳನ್ನು ವರ್ಷದಿಂದ ವರ್ಷಕ್ಕೆ ಕಳೆದುಕೊಳ್ಳುತ್ತಿದೆ. ಕೆಲವನ್ನು ಸಮುದ್ರ ನುಂಗಿತು, ಕೆಲವನ್ನು ಬೆಂಕಿ ಸುಟ್ಟಿತು, ಕೆಲವು ನಿಯಮಗಳಲ್ಲಿ ಕರಗಿದವು. ಹೋದದ್ದಕ್ಕೆ ಬದಲಿ ಜಾಗ ಕೊಡುವ ಹೊಣೆ ಮಾತ್ರ ಯಾವ ಇಲಾಖೆಯದ್ದೂ ಅಲ್ಲ.

ಮೊದಲು ಇರುವುದೆಷ್ಟು ನೋಡೋಣ. ಸ್ಯಾನ್ ಫ್ರಾನ್ಸಿಸ್ಕೋ ನಗರದೊಳಗೆ ಇರುವುದು ಒಂದೇ ಒಂದು ಕ್ಯಾಂಪ್‌ಗ್ರೌಂಡ್, ಪ್ರೆಸಿಡಿಯೊದ ರಾಬ್ ಹಿಲ್. ಅಲ್ಲಿ ಡೇರೆ ಹಾಕಬಹುದು, ಅದೂ ಗುಂಪುಗಳಿಗೆ ಮಾತ್ರ. ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಹೋದರೆ ಕರ್ಬಿ ಕೋವ್, ಅದರಾಚೆ ಸ್ಟೀಪ್ ರವೀನ್. ಎರಡೂ ಕಣ್ಮನ ತಣಿಸುವ ಜಾಗಗಳು, ಎರಡಕ್ಕೂ ಆರ್‌ವಿ ಬರುವಂತಿಲ್ಲ. ಇನ್ನೂ ಮುಂದಿನ ಪಾಯಿಂಟ್ ರೇಯಸ್ ರಾಷ್ಟ್ರೀಯ ಕಡಲತೀರ 71,000 ಎಕರೆ ಇದೆ. ಅಲ್ಲಿನ ಕ್ಯಾಂಪ್‌ಗಳಿಗೆ ನಡೆದುಕೊಂಡು ಇಲ್ಲವೇ ದೋಣಿಯಲ್ಲಿ ಹೋಗಬೇಕು, ವಾಹನ ನಿಲ್ಲಿಸಿ ಮಲಗುವ ಒಂದು ಸೈಟೂ ಇಲ್ಲ. ದಕ್ಷಿಣದ ಪೆಸಿಫಿಕಾದಲ್ಲಿ ಬಂಡೆಯಂಚಿನ ಮೇಲೆ ಒಂದು ಖಾಸಗಿ ಆರ್‌ವಿ ರೆಸಾರ್ಟ್ ಇದೆ. ನಗರದಿಂದ ಸುಮಾರು 45 ಕಿಲೋಮೀಟರ್ ದೂರದ ಹಾಫ್ ಮೂನ್ ಬೇಯಲ್ಲಿ ರಾಜ್ಯ ಪಾರ್ಕಿನ ಫ್ರಾನ್ಸಿಸ್ ಬೀಚ್ ಕ್ಯಾಂಪ್‌ಗ್ರೌಂಡ್ ಇದೆ, ಸೈಟುಗಳು ಐವತ್ತರ ಆಸುಪಾಸು. ಆಮೇಲೆ ಸಾಂತಾ ಕ್ರೂಜ್ ಕಡೆಯ ನ್ಯೂ ಬ್ರೈಟನ್, ಸನ್‌ಸೆಟ್ ತೀರಗಳು. ಕೊಲ್ಲಿಯ ಆಚೆ, ಒಳನಾಡಿನಲ್ಲಿ, ಆಂಥನಿ ಶಾಬೋ ಮತ್ತು ಡೆಲ್ ವ್ಯಾಲೆ. ಇಡೀ ರಾಜ್ಯದಲ್ಲಿ ಸುಮಾರು 280 ರಾಜ್ಯ ಪಾರ್ಕ್‌ಗಳೂ 15,000ಕ್ಕೂ ಹೆಚ್ಚು ಕ್ಯಾಂಪ್ ಸೈಟುಗಳೂ ಇವೆ ಎಂದು ಕೇಳಿದಾಗ ಬಹಳ ಎನಿಸುತ್ತದೆ. ಕ್ಯಾಲಿಫೋರ್ನಿಯಾದ ಜನಸಂಖ್ಯೆ ನಾಲ್ಕು ಕೋಟಿಯ ಹತ್ತಿರ ಎಂಬುದನ್ನು ಅದರ ಪಕ್ಕದಲ್ಲಿಟ್ಟರೆ ಬಹಳ ಎನಿಸುವುದಿಲ್ಲ.

ಕೋವಿಡ್ ಕಾಲದಲ್ಲಿ ಬೇಡಿಕೆ ಇದ್ದಕ್ಕಿದ್ದಂತೆ ಏರಿತು. ವಿಮಾನವಿಲ್ಲ, ಹೋಟೆಲಿಗೆ ಹೋಗಲು ಭಯ. 2021ರಲ್ಲಿ ಉತ್ತರ ಅಮೆರಿಕದ ಕಾರ್ಖಾನೆಗಳಿಂದ ಹೊರಟ ಆರ್‌ವಿಗಳ ಸಂಖ್ಯೆ 6 ಲಕ್ಷ ದಾಟಿತು, ಅದು ಸಾರ್ವಕಾಲಿಕ ದಾಖಲೆ. 2023ರ ಹೊತ್ತಿಗೆ ತಯಾರಿಕೆ 3.13 ಲಕ್ಷಕ್ಕೆ ಕುಸಿಯಿತು ನಿಜ, ಆದರೆ ಮಾರಾಟವಾದ ಗಾಡಿಗಳು ಎಲ್ಲಿಗೂ ಹೋಗಲಿಲ್ಲ. ಇವತ್ತು ಅವು ಮನೆಯ ಅಂಗಳದಲ್ಲಿವೆ, ಬಾಡಿಗೆ ಆ್ಯಪ್‌ಗಳಲ್ಲಿವೆ, ಬೀದಿಯಲ್ಲೂ ಇವೆ.

ನಮ್ಮವರೂ ಬಾಡಿಗೆ ಆರ್‌ವಿ ಹಿಡಿಯತೊಡಗಿದ್ದಾರೆ, ಅದಕ್ಕೆ ಕಾರಣವೂ ನಮ್ಮದೇ. ಮೈಸೂರಿನಿಂದಲೋ ದಾವಣಗೆರೆಯಿಂದಲೋ ಆರು ತಿಂಗಳ ವೀಸಾದಲ್ಲಿ ಬಂದ ಅಪ್ಪ ಅಮ್ಮನನ್ನು ಸುತ್ತಾಡಿಸಬೇಕು. ಅಮ್ಮನಿಗೆ ಹೊರಗಿನ ಊಟ ಒಗ್ಗುವುದಿಲ್ಲ, ಅಪ್ಪನಿಗೆ ರಾತ್ರಿ ನಾಲ್ಕು ಸಲ ಬಚ್ಚಲು ಬೇಕು. ಗಾಡಿಯಲ್ಲೇ ಕುಕ್ಕರ್ ಇಟ್ಟು ಅನ್ನ ಸಾರು ಮಾಡಿಕೊಳ್ಳಬಹುದು, ಮೊಣಕಾಲು ನೋವಿನವರು ಕತ್ತಲಲ್ಲಿ ಪಾರ್ಕಿನ ಶೌಚಾಲಯದವರೆಗೆ ನಡೆಯಬೇಕಿಲ್ಲ. ಡೇರೆಯಲ್ಲಿ ಆಗದ ಪ್ರವಾಸ ಆರ್‌ವಿಯಲ್ಲಿ ಆಗುತ್ತದೆ. ಹಾಗಾಗಿ ಇದನ್ನು ಶ್ರೀಮಂತರ ಶೋಕಿ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ವಯಸ್ಸಾದವರು, ಅಂಗವೈಕಲ್ಯ ಇರುವವರು, ಚಿಕ್ಕ ಮಕ್ಕಳಿರುವವರು ಸಮುದ್ರದ ಪಕ್ಕ ಒಂದು ರಾತ್ರಿ ಕಳೆಯಲು ಇದೇ ಸುಲಭದ ದಾರಿ.

ಆದರೆ ಡೇರೆಗೆ ಸಮತಟ್ಟಾದ ನೆಲವಿದ್ದರೆ ಸಾಕು, ಆರ್‌ವಿಗೆ ಹಾಗಲ್ಲ. ಒಂದು ಸಾಮಾನ್ಯ ಸೈಟಿನಲ್ಲಿ 30 ಆಂಪಿಯರ್ ವಿದ್ಯುತ್ ಇರುತ್ತದೆ. ಇಲ್ಲಿನ 120 ವೋಲ್ಟ್ ಲೆಕ್ಕದಲ್ಲಿ ಅದು 3,600 ವಾಟ್. ಛಾವಣಿಯ ಏಸಿ ಓಡುತ್ತಿರುವಾಗ ಮೈಕ್ರೋವೇವನ್ನೂ ಹೀಟರನ್ನೂ ಹಾಕಿದರೆ ಬ್ರೇಕರ್ ಬೀಳುತ್ತದೆ. ದೊಡ್ಡ ಗಾಡಿಗಳಿಗೆ 50 ಆಂಪಿಯರ್ ಬೇಕು. ಇದು ಹೇಗೋ ನಡೆಯುತ್ತದೆ ಎನ್ನೋಣ, ಕತ್ತಲಲ್ಲೂ ಕೂರಬಹುದು. ತಪ್ಪಿಸಿಕೊಳ್ಳಲಾಗದ್ದು ಹೊಲಸು ನೀರಿನ ವಿಲೇವಾರಿ. ಗಾಡಿಯ ಹೊಟ್ಟೆಯಲ್ಲಿ ಎರಡು ತೊಟ್ಟಿಗಳಿರುತ್ತವೆ. ಒಂದು ಶೌಚದ್ದು, ಇನ್ನೊಂದು ಸ್ನಾನ ಮತ್ತು ಪಾತ್ರೆ ತೊಳೆದ ನೀರಿನದ್ದು. ನಾಲ್ವರ ಕುಟುಂಬಕ್ಕೆ ಅವು ಕೆಲವೇ ದಿನಗಳಲ್ಲಿ ತುಂಬುತ್ತವೆ. ತುಂಬಿದ ಮೇಲೆ ಡಂಪ್ ಸ್ಟೇಷನ್‌ಗೆ ಹೋಗಿ, ಕೈಗವಸು ತೊಟ್ಟು, ಮೂರು ಇಂಚಿನ ಕೊಳವೆಯನ್ನು ನೆಲದ ಬಾಯಿಗೆ ಸಿಕ್ಕಿಸಿ, ಮೊದಲು ಶೌಚದ ತೊಟ್ಟಿಯ ವಾಲ್ವ್ ಎಳೆಯಬೇಕು. ಅದು ಖಾಲಿಯಾದ ಮೇಲೆ ಇನ್ನೊಂದನ್ನು ಬಿಟ್ಟರೆ ಸೋಪಿನ ನೀರು ಕೊಳವೆಯನ್ನೂ ತೊಳೆದುಕೊಂಡು ಹೋಗುತ್ತದೆ. ಕ್ರಮ ತಪ್ಪಿಸಿದವರು ಎರಡನೇ ಸಲ ತಪ್ಪಿಸುವುದಿಲ್ಲ. ಈ ಕೆಲಸಕ್ಕೆ ನೆಲದಡಿ ಚರಂಡಿ ಇರಬೇಕು, ಕುಡಿಯುವ ನೀರಿನ ನಲ್ಲಿ ಅದರಿಂದ ದೂರವಿರಬೇಕು, ಉದ್ದನೆಯ ಗಾಡಿ ತಿರುಗಲು ಜಾಗವಿರಬೇಕು. ಮಹಾನಗರದ ಒಳಗೆ ಸಾರ್ವಜನಿಕ ಡಂಪ್ ಸ್ಟೇಷನ್ ಹುಡುಕುವುದು ಸೈಟ್ ಹುಡುಕುವುದಕ್ಕಿಂತ ಕಷ್ಟ. ಬೀದಿಯ ಆರ್‌ವಿಗಳಿಂದ ಚರಂಡಿಗೆ ಮಲಿನ ನೀರು ಹರಿಯುತ್ತದೆ ಎಂಬ ನೆರೆಹೊರೆಯವರ ದೂರು ನಿಜವಾದದ್ದೇ. ಅವರನ್ನು ಎರಡು ಗಂಟೆಗೊಮ್ಮೆ ಎಬ್ಬಿಸಿದರೆ ಆ ತೊಟ್ಟಿ ಖಾಲಿಯಾಗುವುದಿಲ್ಲ, ಇನ್ನೊಂದು ಬೀದಿಗೆ ಹೋಗುತ್ತದೆ ಅಷ್ಟೇ.

ಈಗ ಕಳೆದುಹೋದ ಜಾಗಗಳ ವಿಷಯ.

ಸಾಂತಾ ಕ್ರೂಜ್ ಜಿಲ್ಲೆಯ ಆ್ಯಪ್ಟಾಸ್ ಬಳಿ ಸೀಕ್ಲಿಫ್ ರಾಜ್ಯ ಬೀಚ್ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಕಾಂಕ್ರೀಟಿನಿಂದ ಕಟ್ಟಿದ ಪಾಲೊ ಆಲ್ಟೊ ಎಂಬ ಹಡಗಿನ ಅವಶೇಷ ಅಲ್ಲಿ ದಡದಲ್ಲೇ ಬಿದ್ದಿದೆ, ಅದಕ್ಕೆ ಹೊಂದಿಕೊಂಡಂತೆ ಒಂದು ಮರದ ಪಿಯರ್ (ಕಡಲೊಳಗೆ ಚಾಚಿದ ಕಟ್ಟೆ) ಇತ್ತು. ದಂಡೆಯುದ್ದಕ್ಕೂ ಆರ್‌ವಿಗಳಿಗೆಂದೇ ಮೀಸಲಾದ ಕ್ಯಾಂಪ್‌ಗ್ರೌಂಡ್ ಇತ್ತು. ಗಾಡಿಯ ಬಾಗಿಲು ತೆಗೆದರೆ ಮರಳು, ಮರಳಿನಾಚೆ ಅಲೆ. ಬೇ ಏರಿಯಾದ, ಅಂದರೆ ಈ ಕೊಲ್ಲಿ ಪ್ರದೇಶದ, ಸಾಮಾನ್ಯ ಕುಟುಂಬಗಳಿಗೆ ಅದಕ್ಕಿಂತ ಹತ್ತಿರದ ಸಮುದ್ರ ಇರಲಿಲ್ಲ. 2023ರ ಜನವರಿಯ ಬಿರುಗಾಳಿ ಆ ಕ್ಯಾಂಪ್‌ಗ್ರೌಂಡನ್ನು ಕಿತ್ತೆಸೆಯಿತು. ಡಾಂಬರು ತುಂಡುತುಂಡಾಯಿತು, ಕೊಳವೆಗಳು ಆಕಾಶ ನೋಡುವಂತಾಯಿತು, ಪಿಯರ್ ಮುರಿಯಿತು. ಆಗಿನ ಅಧ್ಯಕ್ಷ ಜೋ ಬೈಡನ್ ಹಾನಿ ನೋಡಲು ಬಂದು ಮಾತನಾಡಿದ್ದು ಇದೇ ಸೀಕ್ಲಿಫ್‌ನಲ್ಲಿ. ಮುರಿದ ಪಿಯರನ್ನು ಅದೇ ವರ್ಷ ತೆಗೆದುಹಾಕಿದರು.

ಇದು ಅನಿರೀಕ್ಷಿತ ಆಪತ್ತೇನೂ ಆಗಿರಲಿಲ್ಲ. ಕ್ಯಾಂಪ್‌ಗ್ರೌಂಡನ್ನು ಕಾಯುತ್ತಿದ್ದ ಮರದ ತಡೆಗೋಡೆ ಅದಕ್ಕೂ ಮೊದಲು ಹಲವು ಸಲ ಒಡೆದು, ಹಲವು ಸಲ ಮತ್ತೆ ಎದ್ದದ್ದು. 1982ರಲ್ಲಿ ಹೊಸದಾಗಿ ಕಟ್ಟಿದ ಗೋಡೆಯ ಒಂದು ಭಾಗ 1983ರ ಆರಂಭದ ಎಲ್ ನಿನ್ಯೊ ಬಿರುಗಾಳಿಗೇ ಹೋಯಿತು. ಸಮುದ್ರ ಮತ್ತೆ ಮತ್ತೆ ಹೇಳಿದ ಮಾತನ್ನು ಎಂಜಿನಿಯರುಗಳು ಮತ್ತೆ ಮತ್ತೆ ಮರದ ದಿಮ್ಮಿಯಿಂದ ತಡೆದರು. ಅದೇ ಜಾಗದಲ್ಲಿ ಇನ್ನೊಮ್ಮೆ ಹಾಗೆಯೇ ಕಟ್ಟಬಾರದು ಎನ್ನುವ ವಿಜ್ಞಾನಿಗಳ ಮಾತು ನನಗೆ ಸರಿ ಕಾಣುತ್ತದೆ. ನನ್ನ ತಕರಾರು ಅದರ ಮುಂದಿನದ್ದು. ದಂಡೆಯಿಂದ ಹಿಂದೆ ಸರಿಯುವುದಾದರೆ ಆ ಸೈಟುಗಳೂ ನಮ್ಮೊಂದಿಗೆ ಹಿಂದೆ ಸರಿಯಬೇಕಲ್ಲ? ಬಂಡೆಯ ಮೇಲೋ, ಹೆದ್ದಾರಿಯ ಆಚೆಯೋ ಅಷ್ಟೇ ಸಂಖ್ಯೆಯ ಸೈಟುಗಳು ಎದ್ದ ಮೇಲೆ ‘ಹಿಂದೆ ಸರಿದೆವು’ ಎನ್ನಬಹುದು. ಅಲ್ಲಿಯವರೆಗೆ ಅದು ಬಿಟ್ಟುಕೊಟ್ಟದ್ದೇ ಆಗುತ್ತದೆ.

ಬೆಂಕಿಯ ಕತೆ ಇನ್ನೂ ದೊಡ್ಡದು. 2020ರ ಆಗಸ್ಟಿನಲ್ಲಿ ಸಿಡಿಲಿನಿಂದ ಹೊತ್ತಿಕೊಂಡ ಸಿಝಡ್‌ಯು ಕಾಡ್ಗಿಚ್ಚು 86,000 ಎಕರೆಗೂ ಹೆಚ್ಚು ನೆಲ ಸುಟ್ಟಿತು. 1902ರಲ್ಲಿ ಸ್ಥಾಪನೆಯಾದ, ಕ್ಯಾಲಿಫೋರ್ನಿಯಾದ ಅತಿ ಹಳೆಯ ರಾಜ್ಯ ಪಾರ್ಕ್ ಬಿಗ್ ಬೇಸಿನ್ ಬಹುಪಾಲು ಬೆಂದುಹೋಯಿತು. ರೆಡ್‌ವುಡ್‌ಗಳು ಸುಟ್ಟ ಕಾಂಡದಿಂದಲೇ ಮತ್ತೆ ಚಿಗುರಿದವು, ಅದನ್ನು ಕಂಡವರಿಗೆ ಕಣ್ಣು ತುಂಬಿ ಬರುತ್ತದೆ. 2022ರ ಜುಲೈನಲ್ಲಿ ಪಾರ್ಕ್ ಹಗಲಿನ ಭೇಟಿಗೆ ತೆರೆಯಿತು. ಕ್ಯಾಂಪ್‌ಗ್ರೌಂಡ್‌ಗಳಿಗೆ ಆ ಭಾಗ್ಯ ಅಷ್ಟು ಬೇಗ ಬರಲಿಲ್ಲ. ಹಳೆಯ ಮರಗಳ ಬೇರಿನ ಮೇಲೆ ಮತ್ತೆ ಕಟ್ಟಡ ಬೇಡ, ಸೌಕರ್ಯಗಳನ್ನು ಪಾರ್ಕಿನ ಅಂಚಿಗೆ ಸರಿಸೋಣ ಎಂಬ ಯೋಜನೆ ಒಳ್ಳೆಯದೇ. ಆದರೆ ಅಲ್ಲಿ ಮಲಗುತ್ತಿದ್ದ ಜನ ಈ ನಡುವೆ ಹಾಫ್ ಮೂನ್ ಬೇ, ನ್ಯೂ ಬ್ರೈಟನ್‌ಗಳ ಬುಕಿಂಗ್ ಸರತಿಗೆ ಬಂದು ಸೇರಿದ್ದಾರೆ. ಬೆಳಿಗ್ಗೆ 8ರ ನೂಕುನುಗ್ಗಲಿಗೆ ಇದೂ ಒಂದು ಕಾರಣ.

ಈ ನೂಕುನುಗ್ಗಲನ್ನು ಸರಿಪಡಿಸಲು ಶಾಸಕಾಂಗ 2023ರಲ್ಲಿ ಎಬಿ 618 ಎಂಬ ಕಾನೂನು ತಂದಿತು. ಬುಕ್ ಮಾಡಿ ಬಾರದವರಿಗೂ ಕೊನೆ ಗಳಿಗೆಯಲ್ಲಿ ರದ್ದು ಮಾಡುವವರಿಗೂ ದಂಡ ಬೀಳುತ್ತದೆ. ಜನಪ್ರಿಯ ಪಾರ್ಕ್‌ಗಳಲ್ಲಿ ಬೇಸಿಗೆಯ ದಿನಗಳಲ್ಲಿ ಸತತ ಏಳು ರಾತ್ರಿಗಿಂತ ಹೆಚ್ಚು ಉಳಿಯುವಂತಿಲ್ಲ. ಕೆಲವು ಪಾರ್ಕ್‌ಗಳಲ್ಲಿ ಲಾಟರಿ ಪ್ರಯೋಗಿಸಲು ಅವಕಾಶವಿದೆ. ಇದು ನ್ಯಾಯವಾದ ಕಾನೂನು, ಖಾಲಿ ಬಿದ್ದಿರುತ್ತಿದ್ದ ಸೈಟುಗಳು ಇದರಿಂದ ಒಂದಷ್ಟು ಜನಕ್ಕೆ ಸಿಗುತ್ತವೆ. ಇರುವ ರೊಟ್ಟಿಯನ್ನು ಸರಿಯಾಗಿ ಹಂಚಿದಂತಾಯಿತು, ಹಿಟ್ಟು ಮಾತ್ರ ಅಷ್ಟೇ ಇದೆ.

ರಾಜ್ಯ ಪಾರ್ಕಿನಲ್ಲಿ ರಾತ್ರಿಗೆ 35 ಡಾಲರ್ ಆಸುಪಾಸಿನಿಂದ ಶುರುವಾಗುವ ಬೆಲೆ, ಕಡಲತೀರದ ಖಾಸಗಿ ಪಾರ್ಕಿನಲ್ಲಿ ಬೇಸಿಗೆಯ ವಾರಾಂತ್ಯಕ್ಕೆ 100 ಡಾಲರ್ ದಾಟುವುದು ಸಾಮಾನ್ಯ. ಅಲ್ಲೂ ಒಂದು ಜರಡಿ ಇದೆ. ಹತ್ತು ವರ್ಷಕ್ಕಿಂತ ಹಳೆಯ ಆರ್‌ವಿಗೆ ಪ್ರವೇಶವಿಲ್ಲ, ಬೇಕಾದರೆ ಫೋಟೊ ಕಳಿಸಿ, ನೋಡಿ ಹೇಳುತ್ತೇವೆ ಎನ್ನುವ ಪದ್ಧತಿ ಈ ಉದ್ಯಮದಲ್ಲಿ ವ್ಯಾಪಕವಾಗಿದೆ. ಪಾರ್ಕ್ ಅಂದವಾಗಿರಬೇಕು ಎಂಬುದು ಮೇಲಿನ ಕಾರಣ. ಹಳೆಯ ಗಾಡಿಯವರು ಬಂದು ನೆಲೆಯೂರುತ್ತಾರೆ ಎಂಬ ಹೆದರಿಕೆ ಒಳಗಿನದ್ದು.

ಆ ಹೆದರಿಕೆಗೆ ಕಾನೂನಿನ ಬೇರು ಇದೆ. ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಆರ್‌ವಿ ಪಾರ್ಕ್‌ಗಳ ನಿಯಮಗಳನ್ನು ಮಾಡುವುದು ಪ್ರವಾಸೋದ್ಯಮ ಇಲಾಖೆ ಅಲ್ಲ, ರಾಜ್ಯದ ವಸತಿ ಇಲಾಖೆ. ಆರ್‌ವಿ ಪಾರ್ಕಿನಲ್ಲಿ ಒಂಬತ್ತು ತಿಂಗಳು ಇದ್ದವರು ಕಾನೂನಿನ ಕಣ್ಣಲ್ಲಿ ನಿವಾಸಿಗಳಾಗುತ್ತಾರೆ, ಅವರನ್ನು ಸುಮ್ಮನೆ ಎಬ್ಬಿಸಲಾಗದು. ಅಲ್ಲಿಗೆ ತಲುಪದಂತೆ ನೋಡಿಕೊಳ್ಳಲು ಕೆಲವು ಮಾಲೀಕರು ಒಂದು ಉಪಾಯ ಮಾಡುತ್ತಿದ್ದರು. 28 ದಿನ ತುಂಬಿದ ಕೂಡಲೇ ಗಾಡಿ ತೆಗೆಸಿ, ಒಂದೆರಡು ದಿನ ಹೊರಗಿರಿಸಿ, ಮತ್ತೆ ಹೊಸದಾಗಿ ಬಂದವರಂತೆ ಬರೆಸಿಕೊಳ್ಳುವುದು. ವೃದ್ಧರು, ಕಾಯಿಲೆಯವರು ತಿಂಗಳಿಗೊಮ್ಮೆ ಪೈಪು, ತಂತಿ ಎಲ್ಲ ಬಿಚ್ಚಿ ಮತ್ತೆ ಕಟ್ಟಬೇಕಿತ್ತು. ಸ್ಯಾನ್ ಡಿಯೇಗೊ ಪಕ್ಕದ ಇಂಪೀರಿಯಲ್ ಬೀಚ್‌ನ ನಿವಾಸಿಗಳು ದನಿ ಎತ್ತಿದ ಮೇಲೆ, 2023ರಲ್ಲಿ ಎಬಿ 1472 ಎಂಬ ಕಾನೂನು ಈ ಆಟವನ್ನು ಇಡೀ ರಾಜ್ಯದಲ್ಲಿ ನಿಷೇಧಿಸಿತು. ಸಮುದ್ರದ ಪಕ್ಕದ ಆರ್‌ವಿ ಪಾರ್ಕ್ ಎಂದರೆ ರಜೆಯ ತಾಣ ಎಂದು ಫಲಕ ಹೇಳುತ್ತದೆ. ಒಳಗೆ ಹಲವರಿಗೆ ಅದು ಕೊನೆಯ ಮನೆ.

ಹಾಫ್ ಮೂನ್ ಬೇ ಊರಿನಲ್ಲೇ ಇದು ಎಷ್ಟು ಹತ್ತಿರ ಹತ್ತಿರ ಇದೆ ನೋಡಿ. 2023ರ ಜನವರಿಯಲ್ಲಿ ಅಲ್ಲಿನ ಅಣಬೆ ಫಾರ್ಮ್‌ಗಳಲ್ಲಿ ಗುಂಡಿನ ದಾಳಿ ನಡೆದು ಏಳು ಮಂದಿ ಸತ್ತರು. ಆಗಲೇ ಹೊರಗಿನವರಿಗೆ ಗೊತ್ತಾದದ್ದು, ಕೃಷಿ ಕಾರ್ಮಿಕರು ಹಡಗಿನ ಕಂಟೇನರುಗಳಲ್ಲಿ, ಹಳೆಯ ಟ್ರೇಲರುಗಳಲ್ಲಿ ಬದುಕುತ್ತಿದ್ದಾರೆ ಎಂದು. ಆರು ತಿಂಗಳ ಮುಂಚೆ ಬುಕ್ ಮಾಡಿ ನಾವು ಹೊಳೆಯುವ ಆರ್‌ವಿಯಲ್ಲಿ ಸೂರ್ಯಾಸ್ತ ನೋಡುವ ಬೀಚಿನಿಂದ ಆ ತೋಟಗಳಿಗೆ ಕಾರಿನಲ್ಲಿ ಕೆಲವೇ ನಿಮಿಷ. ಕಾರ್ಮಿಕರಿಗಾಗಿ ಮನೆ ಕಟ್ಟುವ ಕೆಲಸ ಆಮೇಲೆ ವೇಗ ಪಡೆಯಿತು. ಏಳು ಜೀವ ಹೋಗುವವರೆಗೆ ಕಾಯಬೇಕಾಯಿತು ಎಂಬುದು ಈಗಲೂ ಚುಚ್ಚುವ ಮಾತು.

ಸಿಲಿಕಾನ್ ವ್ಯಾಲಿಯ ಬೀದಿಗಳಲ್ಲಿ ನಿಲ್ಲುವ ಆರ್‌ವಿಗಳ ಚರಿತ್ರೆ ನಮ್ಮವರ ಮನೆಗಳ ಪಕ್ಕದ್ದೇ. ಗೂಗಲ್‌ನ ಪ್ರಧಾನ ಕಚೇರಿ ಇರುವ ಮೌಂಟನ್ ವ್ಯೂ ಊರಿನ ಮತದಾರರು 2020ರ ನವೆಂಬರಿನಲ್ಲಿ ‘ಮೆಷರ್ ಸಿ’ ಎಂಬ ಪ್ರಸ್ತಾವವನ್ನು ಒಪ್ಪಿ, ಕಿರಿದಾದ ಬೀದಿಗಳಲ್ಲಿ ದೊಡ್ಡ ವಾಹನ ನಿಲ್ಲಿಸುವುದನ್ನು ನಿಷೇಧಿಸಿದರು. ಅಲ್ಲಿನ ಬಹುತೇಕ ಬೀದಿಗಳು ಆ ವ್ಯಾಖ್ಯೆಯಲ್ಲಿ ಕಿರಿದಾದವೇ. ನಾಗರಿಕ ಹಕ್ಕುಗಳ ವಕೀಲರು 2021ರಲ್ಲಿ ಮೊಕದ್ದಮೆ ಹೂಡಿದರು. 2022ರ ರಾಜಿಯಲ್ಲಿ ನಗರವು ಕನಿಷ್ಠ ಮೂರು ಮೈಲಿಯಷ್ಟು ರಸ್ತೆಯನ್ನು ಈ ವಾಹನಗಳಿಗೆ ಮುಕ್ತವಾಗಿ ಇಡಲು ಒಪ್ಪಿತು. 2024ರ ಜೂನ್ 28ರಂದು ಗ್ರಾಂಟ್ಸ್ ಪಾಸ್ ಎಂಬ ಊರಿನ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6–3 ತೀರ್ಪು ಕೊಟ್ಟು, ಬೇರೆ ಆಶ್ರಯ ಇಲ್ಲದಿದ್ದರೂ ಸಾರ್ವಜನಿಕ ಜಾಗದಲ್ಲಿ ಬಿಡಾರ ಹೂಡುವವರನ್ನು ನಗರಗಳು ದಂಡಿಸಬಹುದು ಎಂದಿತು. ಅಲ್ಲಿಂದ ಗಾಳಿ ಬದಲಾಯಿತು. ಸ್ಯಾನ್ ಫ್ರಾನ್ಸಿಸ್ಕೋದ ಎರಡು ಗಂಟೆಯ ನಿಯಮ ಬಂದದ್ದು ಆ ಗಾಳಿಯಲ್ಲಿ.

ಬೀದಿಯಲ್ಲಿರುವ ಆರ್‌ವಿಗಳೆಲ್ಲ ಮಾಲೀಕರವೇ ಎಂದೇನೂ ಅಲ್ಲ. ಓಡದ, ಸೋರುವ ಗಾಡಿಗಳನ್ನು ಕೊಂಡು ಬೀದಿಯಲ್ಲಿ ನಿಲ್ಲಿಸಿ ತಿಂಗಳ ಬಾಡಿಗೆ ವಸೂಲು ಮಾಡುವವರೂ ಇದ್ದಾರೆ. ಅವರಿಗೆ ಇಲ್ಲಿ ‘ವ್ಯಾನ್‌ಲಾರ್ಡ್’ ಎಂದು ಹೆಸರು. ಅವರ ಮೇಲೆ ಕಠಿಣ ಕ್ರಮ ಬೇಕೇ ಬೇಕು. ಆದರೆ ಗಾಡಿ ಎಳೆದೊಯ್ದ ಸಂಜೆ ಒಳಗಿದ್ದ ಮಕ್ಕಳು ಎಲ್ಲಿ ಮಲಗಬೇಕು ಎಂಬುದಕ್ಕೂ ಅದೇ ಆದೇಶದಲ್ಲಿ ಉತ್ತರವಿರಬೇಕು.

ಉತ್ತರ ಹುಡುಕುವ ಒಂದು ಪ್ರಯತ್ನ ನಡೆದದ್ದು ಪಾರ್ಕಿನ ನೆಲದಲ್ಲೇ. ನಗರದ ಆಗ್ನೇಯ ಮೂಲೆಯಲ್ಲಿ, ಕೊಲ್ಲಿಯ ದಡದ ಕ್ಯಾಂಡಲ್‌ಸ್ಟಿಕ್ ಪಾಯಿಂಟ್ ರಾಜ್ಯ ಮನರಂಜನಾ ಪ್ರದೇಶದಲ್ಲಿ ದೋಣಿ ಇಳಿಸುವ ಒಂದು ಪಾರ್ಕಿಂಗ್ ಜಾಗ ಇದೆ. 2022ರ ಜನವರಿಯಲ್ಲಿ ಪಾಲಿಕೆ ಅಲ್ಲಿ ವಾಹನವಾಸಿಗಳಿಗೆ ಸುರಕ್ಷಿತ ತಂಗುದಾಣ ತೆರೆಯಿತು. ಕಾವಲು, ಶೌಚಾಲಯ, ಸ್ನಾನದ ಮನೆ, ಸಮಾಜ ಕಾರ್ಯಕರ್ತರು ಎಲ್ಲ ಇದ್ದರು. ಇಲ್ಲದ್ದು ಗ್ರಿಡ್‌ನ ವಿದ್ಯುತ್ ಸಂಪರ್ಕ. ಜನರೇಟರ್ ಮೇಲೆ ನಡೆದ ಆ ತಾಣ ಯೋಜಿಸಿದಷ್ಟು ವಾಹನಗಳಿಗೆ ಎಂದೂ ಜಾಗ ಕೊಡಲಾಗಲಿಲ್ಲ, ತಲಾ ವೆಚ್ಚ ಏರುತ್ತಲೇ ಹೋಯಿತು. 2025ರ ಮಾರ್ಚ್‌ನಲ್ಲಿ ಅದನ್ನು ಮುಚ್ಚಿದರು. ‘ಸುರಕ್ಷಿತ ಪಾರ್ಕಿಂಗ್ ಕೆಲಸ ಮಾಡುವುದಿಲ್ಲ’ ಎಂದು ಹಲವರು ಇದರಿಂದ ತೀರ್ಮಾನಿಸಿದರು. ಆ ತೀರ್ಮಾನ ತಪ್ಪು. ಕೆಲಸ ಮಾಡದ್ದು ತಂತಿ ಎಳೆಯದ ಪಾರ್ಕಿಂಗ್ ಜಾಗ. ಯಾವ ಖಾಸಗಿ ಆರ್‌ವಿ ಪಾರ್ಕೂ ವಿದ್ಯುತ್ ಇಲ್ಲದೆ ಬಾಗಿಲು ತೆರೆಯುವುದಿಲ್ಲ. ಸ್ಯಾನ್ ಹೊಸೆ ನಗರ 2023ರಲ್ಲಿ ಸಾಂತಾ ತೆರೇಸಾ ಲಘು ರೈಲು ನಿಲ್ದಾಣದ ಪಾರ್ಕಿಂಗ್ ಜಾಗದಲ್ಲಿ ಆರ್‌ವಿಗಳಿಗೆ ತಂಗುದಾಣ ತೆರೆಯಿತು, ಆಮೇಲೆ ಬೆರಿಯೆಸಾ ಕಡೆ ಇನ್ನೊಂದು ತಾಣ ಮಾಡಿತು. ಹೀಗೆ ಒಂದರಿಂದ ಕಲಿತು ಇನ್ನೊಂದನ್ನು ಕಟ್ಟುವುದೇ ಸರಿಯಾದ ದಾರಿ.

ರಜೆಯವರನ್ನೂ ಮನೆಯಿಲ್ಲದವರನ್ನೂ ಒಂದೇ ಕ್ಯಾಂಪ್‌ಗ್ರೌಂಡಿಗೆ ತುಂಬಿ ಎಂದು ನಾನು ಹೇಳುತ್ತಿಲ್ಲ. ಇಬ್ಬರ ಅಗತ್ಯ ಬೇರೆ, ಇಬ್ಬರಿಗೂ ಅದರಿಂದ ಅನ್ಯಾಯ. ಆದರೆ ನೆಲದಡಿಯ ಕೊಳವೆ, ತಂತಿ, ಡಂಪ್ ಸ್ಟೇಷನ್ ಇಬ್ಬರಿಗೂ ಒಂದೇ. ವಾಹನವಾಸಿಗಳಿಗೆ ನಗರದೊಳಗೆ ಸರಿಯಾದ ಜಾಗ ಇದ್ದರೆ ಕಡಲತೀರದ ಪಾರ್ಕಿಂಗ್‌ಗಳ ಮೇಲಿನ ಒತ್ತಡ ಇಳಿಯುತ್ತದೆ. ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಾಂತಾ ಕ್ರೂಜ್ ನಿದರ್ಶನ. ನಡುರಾತ್ರಿಯಿಂದ ಬೆಳಗಿನ 5ರವರೆಗೆ ದೊಡ್ಡ ವಾಹನ ನಿಲ್ಲಿಸಬಾರದು ಎಂದು ಆ ನಗರ ನಿಯಮ ಮಾಡಿತು. ತೀರದ ನಿರ್ಮಾಣ ಮತ್ತು ಪ್ರವೇಶದ ಮೇಲೆ ಕಣ್ಣಿಡುವ ರಾಜ್ಯದ ಕರಾವಳಿ ಆಯೋಗ ಅದನ್ನು ತಡೆದು ಪರಿಶೀಲನೆಗೆ ಎತ್ತಿಕೊಂಡಿತು. ರಾತ್ರಿ ಮಲಗುವವರನ್ನು ಓಡಿಸಲು ಹಾಕಿದ ಫಲಕ ಮುಂಜಾನೆ ಅಲೆ ನೋಡಲು ಬರುವವರನ್ನೂ ತಡೆಯುವುದಿಲ್ಲವೇ ಎಂಬುದು ಆಯೋಗದ ಮುಂದಿದ್ದ ಪ್ರಶ್ನೆ. 2023ರ ಮೇ ತಿಂಗಳಲ್ಲಿ, ಸುರಕ್ಷಿತ ಪಾರ್ಕಿಂಗ್ ನಡೆಸುವ ಜವಾಬ್ದಾರಿಯೊಂದಿಗೆ, ಒಂದು ವರ್ಷದ ಮಟ್ಟಿಗೆ ಅನುಮತಿ ಸಿಕ್ಕಿತು. ಈ ಇಡೀ ವಿವಾದದಲ್ಲಿ ನಿರ್ಬಂಧದ ಜತೆಗೇ ಪರ್ಯಾಯವನ್ನೂ ಕೇಳಿದ ಕೆಲವೇ ಸಂಸ್ಥೆಗಳಲ್ಲಿ ಆಯೋಗ ಒಂದು.

ಹಾಗೆ ಕೇಳುವ ಅಧಿಕಾರ ಅದಕ್ಕೆ ಹುಟ್ಟಿನಿಂದಲೇ ಇದೆ. 1972ರಲ್ಲಿ ಜನಮತದಿಂದ ಹುಟ್ಟಿದ ಈ ಆಯೋಗಕ್ಕೆ 1976ರ ಕರಾವಳಿ ಕಾಯ್ದೆ ಶಾಶ್ವತ ರೂಪ ಕೊಟ್ಟಿತು. ಕಡಿಮೆ ವೆಚ್ಚದ ಪ್ರವಾಸಿ ಸೌಕರ್ಯಗಳನ್ನು ಕಾಪಾಡಬೇಕು, ಪ್ರೋತ್ಸಾಹಿಸಬೇಕು, ಸಾಧ್ಯವಿರುವಲ್ಲಿ ಒದಗಿಸಬೇಕು ಎಂದು ಅದರ 30213ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಹಗಲಿನ ಪ್ರವೇಶಕ್ಕಾಗಿ ಇಲ್ಲಿ ದೊಡ್ಡ ಹೋರಾಟಗಳೇ ನಡೆದಿವೆ. ಹಾಫ್ ಮೂನ್ ಬೇ ದಕ್ಷಿಣದ ಮಾರ್ಟಿನ್ಸ್ ಬೀಚ್‌ಗೆ ಹೋಗುವ ದಾರಿಯ ಗೇಟನ್ನು ಹೂಡಿಕೆದಾರ ವಿನೋದ್ ಖೋಸ್ಲಾ ಮುಚ್ಚಿದ ಪ್ರಕರಣ ಸುಪ್ರೀಂ ಕೋರ್ಟ್ ಬಾಗಿಲವರೆಗೆ ಹೋಯಿತು, 2018ರ ಅಕ್ಟೋಬರಿನಲ್ಲಿ ಕೋರ್ಟ್ ಅವರ ಮೇಲ್ಮನವಿ ಕೈಗೆತ್ತಿಕೊಳ್ಳಲು ನಿರಾಕರಿಸಿತು. ರಾತ್ರಿಯ ಪ್ರವೇಶಕ್ಕಾಗಿ ಅಂಥ ಗದ್ದಲ ಎದ್ದದ್ದು ಕಾಣೆ. ಸ್ಟಾಕ್ಟನ್, ಫ್ರೆಸ್ನೊ ಕಡೆಯ ಬಿಸಿಲ ನಾಡಿನಿಂದ ಮಕ್ಕಳನ್ನು ಕರೆತರುವ ಕುಟುಂಬಕ್ಕೆ ರಾತ್ರಿ ತಂಗುವ ಜಾಗ ಇಲ್ಲದಿದ್ದರೆ ಹಗಲಿನ ಹಕ್ಕು ಅರ್ಧಕ್ಕೇ ನಿಲ್ಲುತ್ತದೆ.

ಎಲ್ಲೆಂದರಲ್ಲಿ ಕ್ಯಾಂಪ್‌ಗ್ರೌಂಡ್ ಕಟ್ಟಲಾಗದು ಎಂಬುದೂ ನಿಜ. ಹಾಫ್ ಮೂನ್ ಬೇ ಮರಳಿನಲ್ಲಿ ಸ್ನೋಯಿ ಪ್ಲವರ್ ಎಂಬ ಪುಟ್ಟ ಹಕ್ಕಿ ಮೊಟ್ಟೆ ಇಡುತ್ತದೆ, ಅದರ ಜಾಗಕ್ಕೆ ಹಗ್ಗದ ಬೇಲಿ ಕಟ್ಟಿರುತ್ತಾರೆ. ಪೆಸಿಫಿಕಾದ ಬಂಡೆಯಂಚು ಕುಸಿಯುತ್ತಿದೆ, ಅಲ್ಲಿನ ಎಸ್‌ಪ್ಲನೇಡ್ ರಸ್ತೆಯ ಅಪಾರ್ಟ್‌ಮೆಂಟುಗಳನ್ನು ಖಾಲಿ ಮಾಡಿಸಿ ಕೆಡವಬೇಕಾಯಿತು. ಹೊಸ ಸೈಟುಗಳು ಮರಳಿನ ಮೇಲೆ ಬರಬಾರದು. ಒಂದನೇ ನಂಬರಿನ ಹೆದ್ದಾರಿಯ ಒಳಬದಿಯಲ್ಲಿ, ಈಗಾಗಲೇ ಡಾಂಬರು ಕಂಡ ನೆಲದಲ್ಲಿ, ಸಮುದ್ರಕ್ಕೆ ಶಟಲ್ ಬಸ್ ಇರುವಲ್ಲಿ ಬರಲಿ. ಹಣದ ಮೂಲವೂ ಹೊಸದಾಗಿ ಹುಡುಕಬೇಕಾದದ್ದಲ್ಲ. ತೀರದಲ್ಲಿ ದುಬಾರಿ ಹೋಟೆಲ್ ಕಟ್ಟುವವರಿಂದ ಕಡಿಮೆ ವೆಚ್ಚದ ತಂಗುದಾಣಗಳಿಗೆಂದು ಆಯೋಗ ಶುಲ್ಕ ಪಡೆಯುತ್ತ ಬಂದಿದೆ, ಆ ಹಣದ ಒಂದು ಭಾಗ ವರ್ಷಗಟ್ಟಲೆ ಖರ್ಚಾಗದೆ ಉಳಿದದ್ದೂ ಉಂಟು.

ಊರಿನ ಓದುಗರಿಗೆ ಒಂದು ಮಾತು. ಕೇರಳ 2021ರಲ್ಲೇ ಕ್ಯಾರವಾನ್ ಪ್ರವಾಸೋದ್ಯಮ ನೀತಿ ಪ್ರಕಟಿಸಿತು, ನಮ್ಮ ಕರಾವಳಿಯಲ್ಲೂ ಅಂಥ ಮಾತು ಕೇಳಿಬರುತ್ತಿದೆ. ಮಂಗಳೂರು, ಉಡುಪಿ, ಕಾರವಾರದ ದಂಡೆಗಳಲ್ಲಿ ಗಾಡಿ ನಿಲ್ಲಿಸುವ ಮೊದಲು ಅದರ ಹೊಲಸು ನೀರು ಯಾವ ಚರಂಡಿಗೆ, ಯಾವ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ ಎಂದು ಕೇಳಿ. ಮಳೆಗಾಲದಲ್ಲಿ ಕಡಲ ಕೊರೆತ ಕಂಡ ಉಳ್ಳಾಲದವರಿಗೆ ಸೀಕ್ಲಿಫ್‌ನ ಗೋಡೆಯ ಕತೆ ಹೊಸದಲ್ಲ.

ಇಲ್ಲಿರುವವರ ಮುಂದೆ ಒಂದು ಗಡುವೂ ಇದೆ. 2023ರ ಎಸ್‌ಬಿ 272 ಕಾನೂನಿನ ಪ್ರಕಾರ ಕರಾವಳಿಯ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸ್ಥಳೀಯ ಸರ್ಕಾರಗಳು 2034ರ ಜನವರಿ 1ರೊಳಗೆ ಸಮುದ್ರ ಮಟ್ಟದ ಏರಿಕೆಗೆ ಯೋಜನೆ ಸಿದ್ಧಪಡಿಸಬೇಕು. ಆ ಕರಡುಗಳಲ್ಲಿ ರಸ್ತೆ, ಚರಂಡಿ, ಮನೆಗಳ ಲೆಕ್ಕ ಹೇಗೂ ಇರುತ್ತದೆ. ಅದರ ಜತೆ ಎಷ್ಟು ಕ್ಯಾಂಪ್ ಸೈಟುಗಳು, ಎಷ್ಟು ಆರ್‌ವಿ ಜಾಗಗಳು ನೀರಿಗೆ ಹೋಗಲಿವೆ, ಅವುಗಳ ಬದಲಿ ಯಾವ ಸರ್ವೆ ನಂಬರಿನಲ್ಲಿ ಎಂಬ ಪಟ್ಟಿಯನ್ನೂ ಸೇರಿಸಲು ಒತ್ತಾಯಿಸಬೇಕು. ಕರಾವಳಿ ಆಯೋಗ ತಿಂಗಳಿಗೊಮ್ಮೆ ಸಭೆ ಸೇರುತ್ತದೆ, ಯಾರು ಬೇಕಾದರೂ ಮನೆಯಿಂದಲೇ ಆನ್‌ಲೈನ್ ಮೂಲಕ ಕೆಲವು ನಿಮಿಷ ಮಾತನಾಡಬಹುದು. ಇಂಥ ಸಭೆಗಳಲ್ಲಿ ಆಸ್ತಿವಂತರ ವಕೀಲರು ಹೇಗೂ ಮಾತನಾಡುತ್ತಾರೆ. ವಯಸ್ಸಾದ ತಾಯಿಯನ್ನು ಕಡಲ ಬಳಿ ಒಂದು ರಾತ್ರಿ ಮಲಗಿಸಬೇಕೆಂದು ಆರು ತಿಂಗಳು ಕಾದವರ ಹೆಸರೂ ಅಲ್ಲಿ ಮಾತನಾಡುವವರ ಪಟ್ಟಿಯಲ್ಲಿ ಇರಬೇಕು.